ಕುಂಕುಮದ ಎದುರು ಬದಿ

ಕೂಸು ಹುಟ್ಟಿದ ಮನೆಯಲ್ಲಿ ಎಲ್ಲರಿಗೂ ಒಂದೊಂದು ಚಿಂತೆ. ಹಾಲು ಸಾಲುತ್ತದೋ ಇಲ್ಲವೋ, ಹೆಸರು ಏನಿಡುವುದು, ಮೂಗು ಯಾರ ಕಡೆಯದು. ಮರಾಠಿ ಸೀಮೆಯ ಕೋಥರೂಡ ಬಡಾವಣೆಯ ಮೂರನೆಯ ಮಹಡಿಯ ಆ ಮನೆಯಲ್ಲಿ ಕೃಷ್ಣಾಬಾಯಿಗೆ ಇದ್ದದ್ದು ಹಾಡಿನ ಚಿಂತೆ. ಹನ್ನೆರಡನೆಯ ದಿನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಬೇಕು. ಹಾಕುವಾಗ ಆ ಮನೆತನದ ಜೋಗುಳವೊಂದನ್ನು ಹಾಡಲೇಬೇಕು. ಅತ್ತೆಯ ಬಾಯಿಂದ ಸೊಸೆಯ ಬಾಯಿಗೆ ಬಂದ ಹಾಡು ಅದು, ಯಾವ ಪುಸ್ತಕದಲ್ಲೂ ಇಲ್ಲ. ಈಗ ಅದನ್ನು ಬಲ್ಲವರು ಭೂಮಿಯ ಮೇಲೆ ಕೃಷ್ಣಾಬಾಯಿ ಒಬ್ಬರೇ, ಅವರಿಗೋ ದನಿಯೇ ಇಲ್ಲ.

ಇಪ್ಪತ್ತು ವರ್ಷದ ಹಿಂದೆ ಗಂಟಲ ಆಪರೇಶನ್ ಆದಾಗ ಜೀವ ಉಳಿಯಿತು, ದನಿ ಹೋಯಿತು. ಮಾತಾಡಿದರೆ ಒಣ ಹಂಚನ್ನು ಉಜ್ಜಿದಂಥ ಒಂದು ಸಪ್ಪಳ ಬರುತ್ತಿತ್ತು, ಅಷ್ಟೇ. ಸೊಸೆ ಮಂಜರಿ ಸ್ವರಜ್ಞಾನ ಇದ್ದ ಹುಡುಗಿ. ಬಸುರಿಯಾಗಿದ್ದಾಗಲೇ ಅತ್ತೆಯ ಎದುರು ಕೂತು ಒಂದೊಂದೇ ಸಾಲು ಕಲಿಯಲು ನೋಡಿದಳು. ಮಾತುಗಳು ಬಂದವು, ಧಾಟಿ ಬರಲಿಲ್ಲ. ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು ಎಂದು ಕೃಷ್ಣಾಬಾಯಿ ಕೈ ಎತ್ತಿ ಇಳಿಸಿ ತೋರಿಸುತ್ತಿದ್ದರು. ಕೈಯಿಂದ ರೊಟ್ಟಿ ಬಡಿಯುವುದನ್ನು ಕಲಿಸಬಹುದು, ಹಾಡು ಕಲಿಸಲಾದೀತೇ?

"ಅತ್ಯಾ, ಖರೇ ಹೇಳ್ರಿ, ನೀವು ಹಾಡತಿದ್ರೇನು?" ಎಂದು ಒಮ್ಮೆ ಮಂಜರಿ ಕೇಳಿದಳು. ಚೇಷ್ಟೆಗೆ ಕೇಳಿದ್ದೇ. ಆದರೆ ಆ ಮಾತು ಕೃಷ್ಣಾಬಾಯಿಯ ಎದೆಯಲ್ಲಿ ಕೂತುಬಿಟ್ಟಿತು. ಗಂಡ ಹೋದ ಮೇಲೆ ಅವರು ಹಾಡಿರಲಿಲ್ಲ, ಅದಕ್ಕೂ ಮೊದಲು ಅವರ ಹಾಡು ಕೇಳಿದವರು ಒಬ್ಬೊಬ್ಬರಾಗಿ ಹೋಗಿಯಾಗಿತ್ತು. ಇತ್ತೀಚೆಗೆ ಅವರಿಗೇ ಧಾಟಿ ಅಲ್ಲಲ್ಲಿ ಜಾರುತ್ತಿತ್ತು. ತಾನು ಹಾಡುತ್ತಿದ್ದುದು ನಿಜವೋ, ಮುದುಕಿಯ ಕಲ್ಪನೆಯೋ ಎಂದು ಅವರಿಗೇ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು.

ಹಿಂದೆ ಇದ್ದ ಸದಾಶಿವ ಪೇಠದ ವಾಡೆಯಲ್ಲಿ, ಆ ಹಳೆಯ ವಠಾರದಲ್ಲಿ, ಕೊನೆಯ ಕೆಲವು ವರ್ಷ ನೆರೆಯವರಾಗಿದ್ದ ರಂಗೂಬಾಯಿ ಕೂಸನ್ನು ನೋಡಲು ಬಂದವರು ಸಲೀಸಾಗಿ ಪರಿಹಾರ ಹೇಳಿದರು: "ಅದಕ್ಕ್ಯಾಕ ಅಷ್ಟ ಚಿಂತಿ ಮಾಡ್ತೀರಿ ಕೃಷ್ಣಾಬಾಯಿ? ಪ್ಯಾಟ್ಯಾಗ ಜೋಗುಳದ ಕ್ಯಾಸೆಟ್ ಸಿಗತಾವ. ಒಂದು ತಂದು ಹಚ್ಚಿಬಿಡ್ರಿ." ಕೃಷ್ಣಾಬಾಯಿ ಚಹಾದ ಬಟ್ಟಲನ್ನು ಅವರ ಮುಂದೆ ಕೊಂಚ ಜೋರಾಗಿಯೇ ಇಟ್ಟರು.

ಅದು ತೊಂಬತ್ತೇಳನೆಯ ಇಸವಿಯ ದಸರೆ. ಖಂಡೇನವಮಿಯ ದಿನ ಮನೆಮನೆಯಲ್ಲಿ ಆಯುಧ ಪೂಜೆ. ಒಂದು ಕಾಲಕ್ಕೆ ವಾಡೆಯ ಹಿಂದಿನ ಕೋಣೆಯಲ್ಲಿ ಗ್ರಾಮೊಫೋನ್ ತಟ್ಟೆ ಕೊರೆಯುವ ಯಂತ್ರ ಇಟ್ಟುಕೊಂಡು, ಮದುವೆಯ ಸನಾದಿ, ಕೀರ್ತನೆ, ಶಾಲೆಯ ಬ್ಯಾಂಡು ಎಂದು ಕೇಳಿದ್ದನ್ನೆಲ್ಲ ಕೊರೆದುಕೊಡುತ್ತಿದ್ದವರು ಕೃಷ್ಣಾಬಾಯಿಯ ಗಂಡ ಮಾರ್ತಾಂಡರಾಯರು. ಮಗ ಮಧ್ವೇಶ ವರ್ಷದ ಕೂಸಾಗಿದ್ದಾಗ ಅವರು ಎದೆನೋವಿನಿಂದ ಒಂದೇ ದಿನದಲ್ಲಿ ಹೊರಟುಹೋದರು. ಯಂತ್ರವೂ ಆಮೇಲೆ ಯಾರದೋ ಪಾಲಾಯಿತು. ಉಳಿದದ್ದು ಒಂದು ಪ್ಲೇಯರು, ಒಂದು ಕರಿ ತಟ್ಟೆ. ತಟ್ಟೆಯಲ್ಲಿ ರಾಯರೇ ಬಾರಿಸಿದ ಹಾರ್ಮೋನಿಯಂ. ಪ್ರತಿ ಖಂಡೇನವಮಿಗೆ ಅದಕ್ಕೇ ಪೂಜೆ.

ಆ ಪೂಜೆಗೊಂದು ಕಟ್ಟಳೆ ಬೆಳೆದಿತ್ತು. ತಟ್ಟೆಯ ನಡುವಿನ ಕಾಗದದ ಅಂಚಿನಲ್ಲಿ ಮೊದಲ ಕುಂಕುಮ ಇಟ್ಟವರು ಕೃಷ್ಣಾಬಾಯಿ, ಮುತ್ತೈದೆಯಾಗಿದ್ದಾಗ. ಆಮೇಲೆ ಅವರು ಕುಂಕುಮ ಮುಟ್ಟುವಂತಿರಲಿಲ್ಲ. ಮಧ್ವೇಶನ ಪುಟ್ಟ ಬೆರಳು ಹಿಡಿದು ಅದೇ ಜಾಗಕ್ಕೆ ವರ್ಷವರ್ಷ ಇಡಿಸಿದರು. ಕುಂಕುಮ ತಮ್ಮ ಕಡೆ ಮುಖ ಮಾಡುವಂತೆ ತಟ್ಟೆ ಇಟ್ಟು, ನಿಂತ ತಟ್ಟೆಯ ಅಂಚಿಗೆ ಮುಳ್ಳು ತಾಗಿಸಿ, ಆಮೇಲೆ ಸ್ವಿಚ್ಚು ಒತ್ತುವುದು. "ತಿರುಗೋ ತಟ್ಟಿ ಮ್ಯಾಲೆ ಮುಳ್ಳು ಇಡಬ್ಯಾಡ, ಗೀರು ಬೀಳತದ" ಎಂದು ರಾಯರೇ ಹೇಳಿಕೊಟ್ಟಿದ್ದರು. ಗಂಡನ ಮಾತು ಮೀರುವ ಪೈಕಿಯಲ್ಲ ಆಕೆ.

ಈ ವರ್ಷ ಮಾತ್ರ ಖಂಡೇನವಮಿ ಪುರುಡಿನ ಹತ್ತು ದಿನದೊಳಗೇ ಬಂತು. ಮನೆಯವರು ಯಾರೂ ಪೂಜೆ ಮಾಡುವಂತಿಲ್ಲ, ಮಧ್ವೇಶನಂತೂ ಕೂಸಿನ ಅಪ್ಪ. ವರ್ಷದ ಪದ್ಧತಿ ತಪ್ಪಬಾರದೆಂದು ಕೃಷ್ಣಾಬಾಯಿ ಎದುರು ಮನೆಯ ಮಧುಕರರಾಯರನ್ನು ಕರೆಸಿದರು. ಬ್ಯಾಂಕಿನಿಂದ ನಿವೃತ್ತರಾದ ಮರಾಠಿ ಗೃಹಸ್ಥರು, ಕನ್ನಡ ತಿಳಿಯುತ್ತಿತ್ತು. ಮಿಂದು ಮಡಿಯುಟ್ಟು ಬಂದು ಹೂ ಏರಿಸಿದರು, ಊದಿನಕಡ್ಡಿ ಬೆಳಗಿದರು. ಆಮೇಲೆ ಲೋಕದ ಎಲ್ಲರೂ ಮಾಡುವಂತೆ ಮೊದಲು ಸ್ವಿಚ್ಚು ಒತ್ತಿ, ತಿರುಗುವ ತಟ್ಟೆಯ ಮೇಲೆ ಮುಳ್ಳು ಇಳಿಸಿದರು.

ಕೃಷ್ಣಾಬಾಯಿ ಬೇಡವೆಂದು ಕೈ ಎತ್ತುವಷ್ಟರಲ್ಲಿ ಹಾರ್ಮೋನಿಯಂ ಬಂತು. ವರ್ಷವರ್ಷ ಮುಳ್ಳು ಓಡಿ ಸವೆದ ದನಿ, ನಡುನಡುವೆ ಕರಕರ. ಧೂಳೆಂದು ಮಧುಕರರಾಯರು ಮುಳ್ಳು ಎತ್ತಿ ಉಫ್ ಎಂದು ಊದಿ ಮತ್ತೆ ಇಳಿಸಿದರು.

ಈ ಸಲ ಹಾರ್ಮೋನಿಯಂ ಬರಲಿಲ್ಲ.

ಒಂದು ಹೆಣ್ಣುದನಿ ಬಂತು. ಕರಕರ ಇಲ್ಲ, ಸವೆತ ಇಲ್ಲ. ಈಗಷ್ಟೇ ಪಕ್ಕದ ಕೋಣೆಯಲ್ಲಿ ಕೂತು ಹಾಡುತ್ತಿದ್ದಾರೇನೋ ಎನ್ನುವಷ್ಟು ಸ್ವಚ್ಛ. ಹಿನ್ನೆಲೆಯಲ್ಲಿ ಬಳೆಯ ಸಪ್ಪಳ, ತೊಟ್ಟಿಲ ಸರಪಳಿಯ ಕಿರ್ರೆನ್ನುವ ಸದ್ದು, ಎಳೆಗೂಸೊಂದರ ಅಳು.

"ಬಾಗಿಲಿಗೆ ಬಂದ ಚಂದ್ರಾಮ, ತೊಟ್ಟಿಲಕ ಇಳಿಯಪ್ಪ..."

"ಅರೆ ದೇವಾ!" ಎಂದು ಬೆಚ್ಚಿದ ಮಧುಕರರಾಯರು ಮುಳ್ಳು ಎತ್ತಿಬಿಟ್ಟರು. ತಟ್ಟೆ ಸುಮ್ಮನೆ ತಿರುಗುತ್ತಿತ್ತು. ಒಳಕೋಣೆಯಿಂದ ಬಾಣಂತಿ ಮಂಜರಿ ಕೂಗಿದಳು: "ಅತ್ಯಾ, ಯಾರ್ರೀ ಅವರು ಹಾಡಿದವರು?"

ಕೃಷ್ಣಾಬಾಯಿ ತಿರುಗುವ ತಟ್ಟೆಯ ಕಡೆ ನೋಡಿದರು. ಗೋಡೆಗೆ ಕೈ ಕೊಟ್ಟು ನಿಂತರು. ಹಾಳಾದ ಆ ಗಂಟಲಿನಿಂದ ಒಂದೇ ಒಂದು ಅಕ್ಷರ ಹೊರಬಿತ್ತು.

"ನಾ."

ಆಮೇಲೆ ಅವರು ಕೂತು ಎಲ್ಲ ಹೇಳಿದರು. ಮಧ್ವೇಶನನ್ನು ತೊಟ್ಟಿಲಿಗೆ ಹಾಕಿದ ದಿನ ರಾಯರು ಮೈಕು ತೂಗುಬಿಟ್ಟು ಆಕೆಯ ಜೋಗುಳವನ್ನು ಟೇಪಿನಲ್ಲಿ ಹಿಡಿದಿದ್ದರು. ಸಂಗತಿ ಮಾವನವರ ಕಿವಿಗೆ ಬಿದ್ದದ್ದು ವಾರದ ಮೇಲೆ. "ಸೊಸೀ ದನಿ ಪೆಟಿಗ್ಯಾಗಿಂದ ಓಣಿಗೆ ಕೇಳಬೇಕೇನು? ಸುಟ್ಟಹಾಕು" ಎಂದು ಹಟ ಹಿಡಿದರು. ರಾಯರು ಎದುರಾಡಲಿಲ್ಲ. ಅವರ ಕಣ್ಣೆದುರೇ ಟೇಪನ್ನು ಬಚ್ಚಲ ಒಲೆಗೆ ಹಾಕಿದರು. ಆ ದಸರೆಗೆ ಹಾರ್ಮೋನಿಯಂ ತಟ್ಟೆ ತಂದು ಅಪ್ಪನಿಗೆ ಕೇಳಿಸಿದರು. ಅಪ್ಪ ಖುಷಿಯಿಂದ ತಲೆದೂಗಿದರು. ಹೊರಗೆ ಬಂದು ರಾಯರು ಹೆಂಡತಿಗೆ ಹೇಳಿದ್ದು ಇಷ್ಟೇ: "ಇದರಾಗ ನಿನ್ನ ಪಾಲೂ ಅದ. ಅಪ್ಪ ಊರಿಗೆ ಹೋದಾಗ ತೋರಸ್ತೀನಿ." ಅಪ್ಪ ಊರಿಗೆ ಹೋಗುವ ಮೊದಲು ರಾಯರೇ ಹೋಗಿಬಿಟ್ಟರು.

ಕೃಷ್ಣಾಬಾಯಿ ಹುಡುಕದೆ ಇರಲಿಲ್ಲ. ತಟ್ಟೆ ತಿರುವಿ ನೋಡಿದರು, ಹಿಂಬದಿ ಬೋಳು. ಗಂಡನ ಪುಣ್ಯದಲ್ಲಿ ಹೆಂಡತಿಗೆ ಅರ್ಧ ಪಾಲು ಎನ್ನುತ್ತಾರಲ್ಲ, ಅದನ್ನೇ ಹೇಳಿದ್ದಿರಬೇಕೆಂದು ಸಮಾಧಾನ ಮಾಡಿಕೊಂಡರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ.

ಮಧುಕರರಾಯರು ಪೇಪರು ಓದುವ ಭೂತಗನ್ನಡಿ ತಂದರು. ಮಧ್ವೇಶ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚನ್ನು ನೋಡುತ್ತ ಹೋದ. ಒಂದು ಗೆರೆ ಕುಂಕುಮದ ನೇರಕ್ಕೆ ಶುರುವಾಗಿತ್ತು, ಇನ್ನೊಂದು ಸರಿಯಾಗಿ ಎದುರು ಬದಿಯಲ್ಲಿ. ಎರಡೂ ಒಂದರ ಮಗ್ಗುಲಲ್ಲಿ ಒಂದು, ಎಲ್ಲಿಯೂ ತಾಗದೆ, ಸುತ್ತುತ್ತ ಸುತ್ತುತ್ತ ನಡುವಿನ ತನಕ ಹೋಗಿದ್ದವು.

"ಅವ್ವಾ, ಒಂದು ಗೆರಿ ಕೊರದು, ಅದರ ಸಂದಿನಾಗ ಮತ್ತೊಂದು ಕೊರದಾರ. ಕೂದಲೆಳಿ ಅಷ್ಟು ಜಾಗಾ ಇಲ್ಲ. ಕೈ ಒಂದೀಟು ನಡುಗಿದ್ರ ಎರಡೂ ಹಾಡು ಹಾಳು," ಎಂದ. ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದ: "ಕುಂಕುಮ ನಿನ್ನ ಕಡೆ ಇಟ್ಟು ಹಚ್ಚತಿದ್ದಿ. ಪ್ರತಿ ವರ್ಷ ಮುಳ್ಳು ಅಪ್ಪನ ಗೆರಿಗೇ ಬೀಳತಿತ್ತು. ನಿನ್ನ ಗೆರಿ ಯಾರೂ ಮುಟ್ಟೇ ಇಲ್ಲ."

ಮೂವರೂ ಆ ತಟ್ಟೆಯನ್ನು ದೇವರ ವಿಗ್ರಹ ನೋಡಿದ ಹಾಗೆ ನೋಡುತ್ತ ಕೂತರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬಾಯಲ್ಲಿ ಹೇಳುವವರು ಬಹಳ ಮಂದಿ. ಮಾರ್ತಾಂಡರಾಯರು ಅದನ್ನು ಕೊರೆದು ಇಟ್ಟಿದ್ದರು. ಅಂದು ಬಚ್ಚಲ ಒಲೆಗೆ ಬಿದ್ದದ್ದು ಯಾವುದೋ ಖಾಲಿ ಟೇಪು ಇರಬೇಕು. ಅಪ್ಪನಿಗೆ ಕೇಳಿಸಿದ ಪ್ರತಿ ಸ್ವರದ ಮಗ್ಗುಲಿಗೇ ಹೆಂಡತಿಯ ದನಿ ಮಲಗಿತ್ತು. ಯಂತ್ರದ ಮೇಲೆ ಬಾಗಿದ ಗಂಡನ ಬೆನ್ನು ಕೃಷ್ಣಾಬಾಯಿಗೆ ನೆನಪಾಯಿತು. ಆ ಮನುಷ್ಯನ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು. ಹೇಳಿ ಹೋಗಬಾರದಿತ್ತೇ, ಪುಣ್ಯಾತ್ಮ!

"ಪೂರಾ ಹಚ್ಚಿ ಕೇಳೋಣ್ರಿ ಅತ್ಯಾ," ಎಂದಳು ಮಂಜರಿ ಬಾಗಿಲಲ್ಲಿ ನಿಂತು.

ಕೃಷ್ಣಾಬಾಯಿ ಅಡ್ಡಡ್ಡ ತಲೆಯಾಡಿಸಿದರು. ಕೂಸು ತೊಟ್ಟಿಲಿಗೆ ಬೀಳುವ ಮೊದಲು ಆ ಜೋಗುಳವನ್ನು ಪೂರ್ತಿ ಹಾಡಬಾರದು. ಖಾಲಿ ತೊಟ್ಟಿಲಿಗೆ ಹಾಡಿದಂತಾಗುತ್ತದೆ. ಎಷ್ಟು ಕಾಡಿದರೂ ಮುದುಕಿ ಬಗ್ಗಲಿಲ್ಲ. ಒಳಗೊಳಗೆ ಅವರಿಗೂ ದಿಗಿಲು ಇದ್ದೇ ಇತ್ತು. ಕೇಳಿದ್ದು ಒಂದೇ ಸಾಲು. ಮುಂದಿನದು ಉಳಿದಿದೆಯೋ, ನಡುವೆ ಗೀರು ಬಿದ್ದಿದೆಯೋ, ಯಾರಿಗೆ ಗೊತ್ತು? ರಂಗೂಬಾಯಿಯ ಕ್ಯಾಸೆಟ್ಟು ಕನಸಿನಲ್ಲಿಯೂ ಬಂತು.

ಹನ್ನೆರಡನೆಯ ದಿನ ಮನೆ ತುಂಬ ಹೆಂಗಸರು. ಮರಾಠಿಯವರು ಬಾರಸೆ ಎಂದರು, ನಮ್ಮವರು ಹೆಸರಿಡುವುದು ಎಂದರು, ಘುಗ್ಗರಿಯನ್ನು ಇಬ್ಬರೂ ತಿಂದರು. ರಂಗೂಬಾಯಿ ಕ್ಯಾಸೆಟ್ಟು ಚೀಲದಲ್ಲಿಟ್ಟುಕೊಂಡೇ ಬಂದಿದ್ದರು. ತೊಟ್ಟಿಲ ಮೇಲೆ ಕೆಳಗೆ ಕೂಸನ್ನು ದಾಟಿಸಿ ಮಲಗಿಸಿದಾಗ ಎಲ್ಲರ ಕಣ್ಣು ಕೃಷ್ಣಾಬಾಯಿಯ ಕಡೆ ತಿರುಗಿತು.

ಅವರು ಪ್ಲೇಯರಿನ ಮುಂದೆ ಕೂತರು. ರೂಢಿಯಂತೆ ಕೈ ಕುಂಕುಮವನ್ನು ತಮ್ಮ ಕಡೆಗೇ ತಂದಿತು. ಕ್ಷಣ ತಡೆದು, ತಟ್ಟೆಯನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದರು. ಕುಂಕುಮ ಆಚೆಗೆ ಹೋಯಿತು. ಗಂಡ ಕಲಿಸಿದಂತೆಯೇ ನಿಂತ ತಟ್ಟೆಗೆ ಮುಳ್ಳು ತಾಗಿಸಿ ಸ್ವಿಚ್ಚು ಒತ್ತಿದರು.

ಬಂತು. ಮೊದಲ ಸಾಲು, ಎರಡನೆಯದು, ಅವರೇ ಮರೆತಿದ್ದ ಮೂರನೆಯ ಸಾಲಿನ ಏರು. ಬೇರೆ ಜೋಗುಳಗಳು ಇಳಿಯುವಲ್ಲಿ ಇದು ಏರುತ್ತಿತ್ತು, ಏರಿ ಅಲ್ಲಿಯೇ ಕೂಸನ್ನು ಎತ್ತಿ ಹಿಡಿದ ಹಾಗೆ ನಿಲ್ಲುತ್ತಿತ್ತು. ರಂಗೂಬಾಯಿ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹಿನ್ನೆಲೆಯಲ್ಲಿ ತನ್ನದೇ ಅಳು ಕೇಳಿ ಮಧ್ವೇಶ ಕನ್ನಡಕ ತೆಗೆದು ಒರೆಸತೊಡಗಿದ. ಮಂಜರಿ ತೊಟ್ಟಿಲ ಹಗ್ಗ ಹಿಡಿದು, ತುಟಿಯಲ್ಲಿಯೇ ಹಿಂದೆ ಹಿಂದೆ ಹಾಡಿಕೊಳ್ಳುತ್ತಿದ್ದಳು.

ಹಾಡು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. "ಜೋ... ಜೋ" ಎಂದಿತು ದನಿ. ಮತ್ತೆ "ಜೋ... ಜೋ". ಮತ್ತೆ, ಮತ್ತೆ. ಕೊನೆಯ ಗೆರೆಯನ್ನು ರಾಯರು ಒಳಗೆ ಓಡಲು ಬಿಡದೆ, ತನಗೆ ತಾನೇ ಕೂಡುವಂತೆ ದುಂಡಗೆ ಮುಚ್ಚಿದ್ದರು. ಯಾರಾದರೂ ಮುಳ್ಳು ಎತ್ತುವ ತನಕ ಆ ಜೋಗುಳಕ್ಕೆ ಮುಕ್ತಾಯವಿಲ್ಲ. ಕೂಸು ಮಲಗುವ ತನಕ ತಾಯಿ ನಿಲ್ಲಿಸುತ್ತಾಳೆಯೇ?

ಯಾರೂ ಎತ್ತಲು ಏಳಲಿಲ್ಲ. ಕೂಸಿನ ಕಣ್ಣು ಮುಚ್ಚುತ್ತ ಬಂತು. ಮಂಜರಿಯ ದನಿ ತುಟಿ ದಾಟಿ ಹೊರಗೆ ಬಂತು, ತಟ್ಟೆಯ ದನಿಯ ಜೊತೆ ಸೇರಿತು. ಆಕೆ ಹಾಡಿನ ಮೊದಲಿಗೆ ಹೋಗಿ, ಚಂದ್ರಾಮನನ್ನು ಮತ್ತೆ ಬಾಗಿಲಿಗೆ ಕರೆದಳು. ಮೂರನೆಯ ಸಾಲಿಗೆ ಬಂದಾಗ ಕೃಷ್ಣಾಬಾಯಿಯ ಕೈ ತನ್ನಿಂದ ತಾನೇ ಮೇಲೆದ್ದಿತು. ಮಂಜರಿ ಸರಿಯಾಗಿ ಏರಿದಳು, ಸರಿಯಾಗಿ ನಿಂತಳು.

ಆಗ ಕೃಷ್ಣಾಬಾಯಿ ಕೈ ಚಾಚಿ ತಟ್ಟೆಯ ಮೇಲಿನ ಮುಳ್ಳನ್ನು ಎತ್ತಿದರು. ತಮ್ಮ ದನಿ ನಿಂತಿತು. ಹಾಡು ನಿಲ್ಲಲಿಲ್ಲ.