ಬಿ ನೆಗೆಟಿವ್ ಬೇಕಾಗಿದೆ

ನಮ್ಮ ಅತ್ತಿಗೆ ಪ್ರಮೋದಾಗೆ ಫೇಸ್‌ಬುಕ್ ಇಲ್ಲ, ಇನ್‌ಸ್ಟಾಗ್ರಾಮ್ ಇಲ್ಲ, ವಾಟ್ಸಾಪಿನಲ್ಲಿ ನಮ್ಮನೆಯ ಗ್ರೂಪೊಂದೇ. ತ್ಯಾಮಗೊಂಡ್ಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ರವಿಕೆ ಹೊಲಿಯುತ್ತಾರೆ. ಫೋನು ಇರುವುದು ಮಾತಾಡೋಕೆ ಅಂತ ತಿಳಿದವರು.

ನಾನು ಹಾಗಲ್ಲ. ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಶಿಫ್ಟು ಕೆಲಸ. ಆಗ ನನ್ನ ಫೋನಿನಲ್ಲಿ ರಕ್ತದಾನದ್ದೇ ಹತ್ತೊಂಬತ್ತು ವಾಟ್ಸಾಪ್ ಗ್ರೂಪುಗಳಿದ್ದವು. ಮೂರಕ್ಕೆ ನಾನೇ ಅಡ್ಮಿನ್. ಅದರ ಮೇಲೆ ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಮು, ಟೆಲಿಗ್ರಾಮು. ಎಲ್ಲೇ 'ರಕ್ತ ಬೇಕಾಗಿದೆ' ಅಂತ ಕಂಡರೂ ಎತ್ತಿ ಉಳಿದ ಕಡೆಗೆಲ್ಲ ಹಾಕುತ್ತಿದ್ದೆ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಊಟದ ತಟ್ಟೆ ಮುಂದೆ. 'ನಿನ್ನಂಥೋರು ಬೇಕು ಗುರು' ಅಂತ ಜನ ಬರೆಯುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಹೋದ ವರ್ಷ ಒಂದು ಸೋಮವಾರ. ಸೆಕೆಂಡ್ ಶಿಫ್ಟ್ ಇದ್ದುದರಿಂದ ಬೆಳಗ್ಗೆ ಮನೆಯಲ್ಲಿದ್ದೆ. ಬಟ್ಟೆ ಕತ್ತರಿಸುತ್ತಿದ್ದ ಅತ್ತಿಗೆ ತಲೆ ಎತ್ತಿದರು.

"ನರೇಶ, ಆ ಎಂಟು ವರ್ಷದ ಮಗೂಗೆ ರಕ್ತ ಸಿಕ್ತಾ?"

"ಯಾವ ಮಗು?"

"ನೀನೇ ಬೆಳಗ್ಗೆ ಕಳಿಸಿದ್ಯಲ್ಲಪ್ಪಾ, ನಮ್ಮನೆ ಗ್ರೂಪಿಗೆ. ಓ ನೆಗೆಟಿವ್ ಬೇಕು ಅಂತ."

"ಗೊತ್ತಿಲ್ಲ ಅತ್ತಿಗೆ. ಸಿಕ್ಕಿರುತ್ತೆ ಬಿಡಿ."

ಅವರು ಕತ್ತರಿ ಕೆಳಗಿಟ್ಟು ಮೆಸೇಜಿನಲ್ಲಿದ್ದ ನಂಬರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಎತ್ತಿದ್ದು ಒಬ್ಬ ಹುಡುಗಿ.

"ರಕ್ತದ ವಿಷ್ಯಾನಾ ಅಕ್ಕಾ? ಆ ಮಗು ನಾನೇ, ಪ್ರಿಯಾಂಕ ಅಂತ. ಕಾಲಿನ ಆಪರೇಷನ್ ಆದಾಗ ನಮ್ಮಪ್ಪ ಹಾಕಿದ್ದ ಮೆಸೇಜು. ಈಗ ಎಸ್ಸೆಸ್ಸೆಲ್ಸಿ ಓದ್ತಿದ್ದೀನಿ." ಫಕ್ಕನೆ ನಕ್ಕಳು. "ದಿನಾ ಯಾರಾದ್ರೂ ಮಾಡ್ತಾರೆ. ಹೋದ ವಾರ ಒಬ್ರು ಹೊಸಕೋಟೆಯಿಂದ ಬಂದೇಬಿಟ್ಟಿದ್ರು, ಆಸ್ಪತ್ರೆ ಬಾಗಿಲಲ್ಲಿ ನಿಂತ್ಕೊಂಡು ಫೋನ್ ಮಾಡಿದ್ರು. ಪಾಪ ಅನ್ನಿಸ್ತು."

ಚೆನ್ನಾಗಿ ಓದಮ್ಮ ಅಂತ ಹೇಳಿ ಅತ್ತಿಗೆ ಫೋನಿಟ್ಟರು. ನಾನೂ ನಗುತ್ತಿದ್ದೆ. ಅವರು ನಗಲಿಲ್ಲ.

"ಇವತ್ತು ಇಂಥವು ಎಷ್ಟು ಕಳಿಸಿದ್ದೀಯ?"

ಎಣಿಸಿ ಹೇಳಿದೆ. "ಹನ್ನೊಂದು."

"ಎಷ್ಟು ಜನಕ್ಕೆ ಫೋನ್ ಮಾಡಿದ್ದೀಯ?"

"ಒಬ್ರಿಗೂ ಇಲ್ಲ" ಅಂದೆ. "ಕೊಡು ಇಲ್ಲಿ" ಅಂತ ಫೋನು ಇಸಿದುಕೊಂಡರು. ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆ ತೆಗೆದು ಒಂದೊಂದೇ ನಂಬರಿಗೆ ಮಾಡುತ್ತಾ ಹೋದರು. ನಾಲ್ಕು ಸ್ವಿಚ್ ಆಫ್. ಇನ್ನು ಮೂರು, ವರ್ಷಗಟ್ಟಲೆ ಹಳೆಯವು. ಒಂದು ಕಡೆ, "ಅವರು ತೀರ್ಕೊಂಡ್ರು ತಾಯಿ, ದಯವಿಟ್ಟು ಮತ್ತೆ ಮಾಡ್ಬೇಡಿ" ಅಂತ ಒಬ್ಬರು ಮೆಲ್ಲಗೆ ಹೇಳಿದರು. ಅತ್ತಿಗೆ ಆ ನಂಬರಿನ ಮೇಲೆ ಗೆರೆ ಎಳೆದರು. ಆಮೇಲೆ ಮುಂದಿನ ನಂಬರ್ ಒತ್ತಿದರು.

ಆ ಕಡೆ ಇದ್ದವರು ದೊಡ್ಡಬಳ್ಳಾಪುರದ ರಾಮಾಂಜಿನಪ್ಪ. ಹೆಂಡತಿಗೆ ಆಪರೇಷನ್, ಎರಡು ಸಲ ಮುಂದಕ್ಕೆ ಹೋಗಿತ್ತು. ಸಂಜೆಯೊಳಗೆ ಇನ್ನೊಂದು ಬಾಟಲಿ ರಕ್ತ ಸಿಗದಿದ್ದರೆ ನಾಳೆಯೂ ಇಲ್ಲ ಅಂದಿದ್ದರಂತೆ ಡಾಕ್ಟರು.

"ಐದು ಗ್ರೂಪಿಗೆ ಹಾಕ್ಸಿದ್ದೀನಮ್ಮಾ. ಇನ್ನೂರು ಜನ ಕೈಮುಗಿಯೋ ಚಿತ್ರ ಹಾಕವ್ರೆ. ಒಬ್ರೂ ಬಂದಿಲ್ಲ."

"ಯಾವ ರಕ್ತ ಬೇಕು ಅಣ್ಣಾ?"

"ಬಿ ನೆಗೆಟಿವ್."

ಅತ್ತಿಗೆ ನನ್ನ ಕಡೆ ತಿರುಗಿದರು. ನನ್ನದು ಬಿ ನೆಗೆಟಿವ್. ಬೆಳಗ್ಗೆ ಹಲ್ಲುಜ್ಜುತ್ತಾ, ನನ್ನದೇ ರಕ್ತ ಬೇಕು ಅಂತ ಹತ್ತೊಂಬತ್ತು ಗ್ರೂಪಿಗೆ ಕಳಿಸಿದ್ದೆ. ಓದಿರಲಿಲ್ಲ.

ರಜೆ ಹಾಕಿದೆ. ಅತ್ತಿಗೆ ಬೈಕಿನ ಹಿಂದೆ ಕೂತರು. ದಾರಿಯುದ್ದಕ್ಕೂ ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ರಕ್ತ ಕೊಟ್ಟು ಹೊರಗೆ ಬಂದಾಗ ರಾಮಾಂಜಿನಪ್ಪ ನನ್ನ ಎರಡೂ ಕೈ ಹಿಡಿದುಕೊಂಡರು. "ದೇವ್ರು ಬಂದಂಗೆ ಬಂದ್ರಿ ಸ್ವಾಮಿ."

"ಬೆಳಗ್ಗೆನೇ ಬರ್ಬೇಕಿತ್ತು" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಮಾರನೆಯ ದಿನ ಆಪರೇಷನ್ ಆಯಿತು, ಆಕೆ ಚೆನ್ನಾಗಿದ್ದಾರೆ ಅಂತ ಅವರೇ ಫೋನ್ ಮಾಡಿ ತಿಳಿಸಿದರು.

ಆ ವಾರವೇ ಅತ್ತಿಗೆ ಅಂದರು, "ಇಷ್ಟೊಂದು ಗ್ರೂಪ್ ಯಾಕಪ್ಪಾ? ಒಂದು ಸಾಕು." ನನ್ನದೊಂದನ್ನು ಉಳಿಸಿಕೊಂಡು ಮಿಕ್ಕ ಒಂದೊಂದರಿಂದಲೂ ಹೊರಗೆ ಬಂದೆ, ಪೇಜು ಮುಚ್ಚಿದೆ. ಹಳೆಯ ಮೆಸೇಜುಗಳನ್ನು ಅಳಿಸಿ ಮುಗಿಸೋಕೆ ಎಂಟು ದಿನ ಹಿಡಿಯಿತು. ಜನಕ್ಕೆ ಸಿಟ್ಟು ಬಂತು. ನೆಲಮಂಗಲದಲ್ಲಿ ಎಲ್ಲರಿಗಿಂತ ದೊಡ್ಡ ಗ್ರೂಪು ನಡೆಸುವ ಸುನಿಲ್‌ಕುಮಾರ್ ಫೋನ್ ಮಾಡಿ ರೇಗಿದ: "ಅತ್ತಿಗೆ ಮಾತು ಕೇಳ್ಕೊಂಡು ಸೇವೆ ಮಾಡೋದೇ ಬಿಟ್ಬಿಡ್ತೀಯೇನೋ?"

ಅತ್ತಿಗೆ ಫೋನು ತಗೊಂಡರು. "ಅಣ್ಣಾ, ನರೇಶ ಹೊರಗೆ ಬರೋ ಮುಂಚೆ ಇವತ್ತು ನಿಮ್ಮ ಗ್ರೂಪಿಗೆ ಬಂದಿದ್ದ ಒಂಬತ್ತು ನಂಬರ್‌ಗೂ ನಾನು ಮಾತಾಡಿದ್ದೀನಿ. ಎರಡು ನಿಜ. ಉಳಿದ ಏಳು ಮನೆಯವ್ರಿಗೆ ಸುಮ್ನೆ ತೊಂದ್ರೆ ಕೊಡ್ತಿದ್ದೀವಿ. ಆ ಎರಡನ್ನ ಹೇಳ್ತೀನಿ, ಬರ್ಕೊತೀರಾ?"

ಆ ಕಡೆ ಪೆನ್ನು ಹುಡುಕುವ ಸದ್ದು. ಆಮೇಲೆ, "ಹೇಳಮ್ಮಾ" ಅಂದ.

ಈಗ ಇರುವುದು ಒಂದೇ ಗ್ರೂಪು. ಮುನ್ನೂರು ಚಿಲ್ಲರೆ ಜನರ ಹೆಸರು, ಊರು, ರಕ್ತದ ಗುಂಪು, ಕೊನೆಗೆ ಕೊಟ್ಟ ತಾರೀಖು ಅತ್ತಿಗೆಯ ಪುಸ್ತಕದಲ್ಲಿವೆ. ಕೇಳಿದವರಿಗೆ ಮೊದಲು ಫೋನ್, ನಿಜವಾದರೆ ಹತ್ತಿರದ ಊರಿನವರಿಗೆ ನೇರವಾಗಿ ಇನ್ನೊಂದು ಫೋನ್. ಯಾರೂ ಸಿಗದಿದ್ದಾಗ ಮಾತ್ರ ಗ್ರೂಪಿಗೆ. ರಕ್ತ ಸಿಕ್ಕ ತಕ್ಷಣ ಆ ಮೆಸೇಜು ಅಳಿಸುತ್ತಾರೆ. ಎಷ್ಟೋ ದಿನ ಗ್ರೂಪಿನಲ್ಲಿ ಒಂದಕ್ಷರವೂ ಇರುವುದಿಲ್ಲ. ಬೂದಿಗೆರೆ ಕಡೆಯಿಂದಲೂ ಅವರನ್ನು ಕೇಳಿಕೊಂಡು ಫೋನ್ ಬರುತ್ತದೆ. ರಾಜ್ಯೋತ್ಸವದಲ್ಲಿ ಸನ್ಮಾನ ಮಾಡ್ತೀವಿ ಅಂತ ಸಂಘದವರು ಬಂದರೆ, ಮದುವೆ ರವಿಕೆಗಳು ಬಾಕಿ ಇವೆ ಅಂತ ಕಾಫಿ ಕೊಟ್ಟು ಕಳಿಸಿದರು.

ಶಿಫ್ಟಿಗೆ ಹೋಗುವ ಮುಂಚೆ ನಾನೂ ಪಕ್ಕದಲ್ಲಿ ಕೂತು ಅರ್ಧ ನಂಬರುಗಳಿಗೆ ಮಾಡುತ್ತೇನೆ. ಮೊದಮೊದಲು ಏನು ಮಾತಾಡಬೇಕೋ ತಿಳಿಯದೆ ತೊದಲುತ್ತಿದ್ದೆ. "ರಕ್ತ ಯಾವುದು ಅಂತ ಆಮೇಲೆ ಕೇಳು. ಪೇಷೆಂಟ್ ಹೆಂಗಿದ್ದಾರೆ ಅಂತ ಮೊದ್ಲು ಕೇಳು" ಅಂತ ಅತ್ತಿಗೆ ಹೇಳಿಕೊಟ್ಟರು. ನಾನು ಈಗಲೂ ಅವಸರದಲ್ಲಿ ಒಮ್ಮೊಮ್ಮೆ ಮರೆಯುತ್ತೇನೆ. ಅವರು ಮರೆತದ್ದನ್ನು ನಾನು ಕಂಡಿಲ್ಲ.