ಮೋಟರಿಗೆ ಹೆಸರು ಕೇಳಿದ ಫೋನು

ನನ್ನ ಗಂಡ ಯತೀಶ್ ಐಫೋನು ಕೊಂಡ ದಿನದಿಂದ ನಮ್ಮ ಮನೆಯಲ್ಲಿ ಮಾತು ಅಂದರೆ ಒಂದೇ ಮಾತು. ಅವರು ಮಂಡ್ಯದ ಕಾಲೇಜೊಂದರ ಆಫೀಸಿಗೆ ಕೆಲಸಕ್ಕೆ ಹೋಗುತ್ತಾರೆ. ಆತಗೂರಿನ ಹತ್ತಿರವಿರುವ ನಮ್ಮ ಗದ್ದೆ ನೋಡಿಕೊಳ್ಳುವವಳು ನಾನು. ಮಳವಳ್ಳಿಯಲ್ಲಿರುವ ನನ್ನ ತಮ್ಮ ಚಲುವರಾಜು ಆಂಡ್ರಾಯ್ಡಿನ ಕಡೆಯವನು. ಬಾವ, ಬಾಮೈದ ಎದುರುಬದುರು ಕೂತರೆ ತೀರಿತು. ಹಿಂದಕ್ಕೆ ಹೋಗುವ ಗುಂಡಿಯೇ ಇಲ್ಲದ್ದು ಒಂದು ಫೋನಾ ಅಂತ ಇವನು. ವರ್ಷ ತುಂಬುವುದರೊಳಗೆ ದಬ್ಬಿದರೂ ಮುಂದಕ್ಕೆ ಹೋಗದ್ದು ಒಂದು ಫೋನಾ ಅಂತ ಅವರು. ಇವನದರಲ್ಲಿ ಎರಡೆರಡು ವಾಟ್ಸಾಪು ಇಟ್ಟುಕೊಳ್ಳಬಹುದಂತೆ. ಒಂದರಲ್ಲಿ ಕಳಿಸುವ ಶುಭೋದಯ ಸಾಲದೆ? ಅವರದು ಮುಖ ನೋಡಿದರೆ ಸಾಕು, ಬೀಗ ತೆಗೆಯುತ್ತದಂತೆ. ಅದೇ ಮುಖ ನೋಡಿ ನಾನು ದಿನಾ ಬಾಗಿಲು ತೆಗೆಯುತ್ತೇನೆ, ನನ್ನನ್ನು ಯಾರೂ ಹೊಗಳಿಲ್ಲ. ಒಂದು ಬೀಗರ ಊಟದಲ್ಲಿ ಈ ಫೋನಿನ ಫೋಟೋವನ್ನು ಆ ಫೋನಿಗೆ ದಾಟಿಸಲು ಹೆಣಗುತ್ತಾ ಕೂತು, ಎಲೆಯ ಮೇಲಿನ ಮುದ್ದೆ ಆರಿ ಗಟ್ಟಿಯಾದದ್ದೂ ಇಬ್ಬರಿಗೂ ಗೊತ್ತಾಗಲಿಲ್ಲ.

ಇದನ್ನೆಲ್ಲ ನೋಡಿ ನಗುತ್ತಿದ್ದೆ, ನನ್ನ ಒಟ್ಲಿಗೆ, ಅಂದರೆ ಭತ್ತದ ಸಸಿಮಡಿಗೆ, ಕುತ್ತು ಬರುವವರೆಗೆ.

ನಮ್ಮ ಬೋರಿನ ಮೋಟರಿಗೆ ಒಂದು ಪೆಟ್ಟಿಗೆ ಕೂರಿಸಿದೆ, ಅದರೊಳಗೊಂದು ಸಿಮ್ಮು. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಅದು ಫೋನು ಮಾಡಿ, ಕರೆಂಟು ಬಂದಿದೆ, ಮೋಟರು ಚಾಲು ಮಾಡಲು ಒಂದು ಒತ್ತಿ ಎನ್ನುತ್ತದೆ. ಒತ್ತಿದರೆ ನೀರು. ಅದು ಕರೆಯುವುದು ಒಂದೇ ನಂಬರಿಗೆ. ಪೆಟ್ಟಿಗೆ ಕೂರಿಸುವಾಗ ನನ್ನ ನಂಬರು ಹಾಕಿ ಎಂದಿದ್ದೆ. ಮೋಟರಿನ ಕರೆ ಮನೆ ಯಜಮಾನನಿಗೇ ಬರಬೇಕು, ಊರಲ್ಲಿ ಎಲ್ಲರದೂ ಹಾಗೇ ಎಂದು ಯತೀಶ್ ತಮ್ಮದನ್ನೇ ಕೊಟ್ಟರು. ಕರೆ ಬಂದಾಗ ಮಂಡ್ಯದಲ್ಲಿ ಕೂತು ಒಂದು ಒತ್ತುವುದು, ಆಮೇಲೆ ನನಗೆ ಫೋನು ಮಾಡಿ ಗದ್ದೆಗೆ ಹೋಗು ಎನ್ನುವುದು. ಯಜಮಾನಿಕೆ ಅಂದರೆ ಇಷ್ಟೇ.

ಈ ಸಲ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೆ ನಾನೇ ಹೋಗಿ ಹೊಸ ತಳಿಯ ಭತ್ತ ತಂದು ಒಟ್ಲು ಹಾಕಿದ್ದೆ. ನಾಟಿಗೆ ಬೇಕಾದ ಪೈರೆಲ್ಲ ಆ ಒಂದು ಮಡಿಯಲ್ಲಿತ್ತು. ನಾಲೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಬೋರೇ ಗತಿ. ನಾಟಿಗೆ ಹೆಣ್ಣಾಳುಗಳನ್ನೂ ಗೊತ್ತುಮಾಡಿದ್ದೆ. ಅಷ್ಟರಲ್ಲಿ ಚಲುವನ ಹೆಂಡತಿಗೆ ಮಂಡ್ಯದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಬಾಣಂತಿಯ ಜೊತೆಗೆ ನಾನು ನಿಂತೆ. ಮಗುವಿನ ಅಪ್ಪ ನಮ್ಮ ಮನೆಗೆ ಬಂದು ಬಾವನ ಜೊತೆ ಠಿಕಾಣಿ ಹೂಡಿದ. ಗದ್ದೆ ನೋಡಿಕೊಳ್ಳಲು ಯತೀಶ್ ರಜ ಹಾಕಿದ್ದರು. ಒಟ್ಲು ಒಣಗದಂತೆ ನೋಡಿಕೊಳ್ಳಿ ಎಂದದ್ದಕ್ಕೆ ಇಬ್ಬರೂ ಫೋನಿನಿಂದ ತಲೆ ಎತ್ತದೆ ಹೂಂಗುಟ್ಟಿದರು.

ವಾರ ಕಳೆದು ಬಂದವಳು ಬ್ಯಾಗು ಜಗಲಿಯಲ್ಲಿಟ್ಟು ಮೊದಲು ಗದ್ದೆಗೇ ಹೋದೆ. ಒಟ್ಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ನೆಲ ಬಿರುಕು ಬಿಟ್ಟಿತ್ತು, ಮುಟ್ಟಿದ ಎಲೆ ಕೈಯಲ್ಲೇ ಪುಡಿಯಾಯಿತು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಚಲುವನ ಜೊತೆ ಹಿಂದೆಯೇ ಬಂದ ಯತೀಶ್, ಕರೆಂಟೇ ಬಂದಿಲ್ಲ, ಮೋಟರು ಒಂದು ಸಲವೂ ಕರೆದಿಲ್ಲ ಎಂದರು. ಪಕ್ಕದ ಗದ್ದೆಯ ಹೊನ್ನಯ್ಯಮಾವ ಬದುವಿನ ಮೇಲೆ ನಿಂತಿದ್ದರು, ಅವರ ಒಟ್ಲು ಹಸಿರಾಗಿ ನಿಂತಿತ್ತು. ಕರೆಂಟು ದಿನಾ ಮಧ್ಯಾಹ್ನ ಬರುತ್ತಿದೆ ಎಂದಷ್ಟೇ ಹೇಳಿದರು.

ಆ ಹೊತ್ತಿಗೆ ಪೆಟ್ಟಿಗೆಯ ದೀಪ ಹತ್ತಿತು. ಯತೀಶರ ಫೋನು ಕೈಯಲ್ಲೇ ಇತ್ತು, ರಿಂಗಾಗಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನ ಸಾಲುಗಳು ಮೂಡಿದವು. ನಿಮ್ಮ ಹೆಸರೇನು, ಯಾವ ಕೆಲಸಕ್ಕೆ ಕರೆ ಮಾಡಿದ್ದೀರಿ ಎಂದು ನಮ್ಮ ಫೋನು ನಮ್ಮ ಮೋಟರನ್ನು ವಿಚಾರಿಸುತ್ತಿತ್ತು. ಮೋಟರು ಪಾಪ, ತನಗೆ ಬರುವ ಒಂದೇ ಮಾತನ್ನು ಮತ್ತೆ ಮತ್ತೆ ಒಪ್ಪಿಸಿ ಕರೆ ಕತ್ತರಿಸಿತು.

ಆಗ ಇಬ್ಬರೂ ಬಾಯಿಬಿಟ್ಟರು. ಗುರುತಿಲ್ಲದವರು ಕರೆದರೆ ನನ್ನ ಆಂಡ್ರಾಯ್ಡು ತಾನೇ ಎತ್ತಿ ವಿಚಾರಿಸುತ್ತದೆ ಎಂದು ಚಲುವ ಕೊಚ್ಚಿಕೊಂಡನಂತೆ. ನನ್ನದೇನು ಕಮ್ಮಿ ಎಂದು ಯತೀಶ್ ಹುಡುಕಿ ಹುಡುಕಿ ತಮ್ಮದರಲ್ಲೂ ಅದನ್ನು ಆನ್ ಮಾಡಿದರಂತೆ. ಮೋಟರಿನ ನಂಬರು ಸೇವ್ ಮಾಡಿಕೊಂಡಿರಲಿಲ್ಲವೆ ಎಂದು ಕೇಳಿದೆ.

"ಅದೇನು ಬೀಗರಾ, ಎಸ್ರು ಬರ್ಕೊಳಕ್ಕೆ?" ಎಂದರು ಯತೀಶ್. "ಕೊನೇಲಿ ಎಲ್ಡು ಸೊನ್ನೆ ಅದೆ, ನೋಡುದ್ರೆ ಗೊತ್ತಾಯ್ತದೆ."

ನೋಡಬೇಕಾದರೆ ಅದು ರಿಂಗಾಗಬೇಕಲ್ಲ. ಚಲುವ ಅಲ್ಲಿಗೂ ಬಿಡಲಿಲ್ಲ. ತನ್ನ ಫೋನಾಗಿದ್ದರೆ ಮೋಟರಿನ ಕನ್ನಡವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುತ್ತಿತ್ತು ಎಂದು ಶುರು ಮಾಡಿದ. ನಿನ್ನದು ಇದುವರೆಗೆ ಏನು ಕಿಸಿದಿದೆ ಎಂದು ಇವರು. ಸತ್ತ ಪೈರಿನ ಮೇಲೆ ನಿಂತು ಇಬ್ಬರೂ ಮತ್ತೆ ಹತ್ತಿಕೊಂಡರು. ಇಂಥವರಿಗೆ ಯಾವ ಫೋನು ಕೊಟ್ಟರೇನು, ಇಟ್ಟಿಗೆ ಕೊಟ್ಟಿದ್ದರೂ ಇಷ್ಟೇ ಉಪಯೋಗ. ಹೇಸಿಗೆಯಾಗಿ ನಾನು ಬದುವಿನ ಕಡೆ ತಿರುಗಿದೆ.

ಹೊನ್ನಯ್ಯಮಾವನೇ ನನ್ನನ್ನು ಕರೆದರು. "ನಮ್ದು ನಾಟಿ ಆಗಿ ಮಿಕ್ಕಿದ್ ಪೈರು ತಕ್ಕೊ ಕಣವ್ವ ಕವಿತ. ಅದೇ ಅಳೇ ತಳಿ, ನಿಂದರಂಗೆ ಒಸದಲ್ಲ."

ಆಗಲಿ ಎಂದೆ. ಹೊಸ ತಳಿಯ ಆಸೆ ಈ ವರ್ಷಕ್ಕೆ ಮುಗಿಯಿತು. ತಿರುಗಿ ಯತೀಶರ ಹತ್ತಿರ ಹೋಗಿ, ಪೆಟ್ಟಿಗೆಗೆ ನನ್ನ ನಂಬರು ಹಾಕಿ, ಈಗಲೇ ಎಂದೆ. ಪೆಟ್ಟಿಗೆಯ ಸಿಮ್ಮಿಗೆ ಒಂದು ಮೆಸೇಜು ಕಳಿಸಿದರೆ ಆಗುವ ಕೆಲಸ ಅದು. ಅವರು ಹೊನ್ನಯ್ಯಮಾವನ ಕಡೆ ನೋಡಿ ದನಿ ತಗ್ಗಿಸಿದರು.

"ಎಂಡ್ತಿ ಫೋನಿಗೆ ಮೋಟ್ರು ಕಾಲ್ ಬತ್ತದೆ ಅಂದ್ರೆ ಊರೋರು ಏನಂದಾರು?"

"ಊರೋರು ನಮ್ಮ ಒಟ್ಲು ನೋಡವ್ರೆ," ಎಂದೆ. "ಇನ್ನೇನು ಅನ್ನದು ಉಳ್ದದೆ?"

ಅವರು ಫೋನಿಗೆ ತಲೆ ಬಗ್ಗಿಸಿದರು. ಮೆಸೇಜು ಬರೆಯತೊಡಗಿದವರು ನಡುವೆ ನಿಂತುಬಿಟ್ಟರು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ನಂಬರು ಅವರಿಗೆ ಬಾಯಿಗೆ ಬರುತ್ತಿರಲಿಲ್ಲ. ಒಂದೊಂದೇ ಅಂಕಿ ನಾನೇ ಹೇಳಿದೆ.