ಗಿರಿಜಾಂಬಾ ಅವರ ಬಾಯಿಗೆ ಬೀಗ

ಬಾಳೂರಿನ ಗಿರಿಜಾಂಬಾ ಹೋಂಸ್ಟೇ ತೆರೆದದ್ದು ದುಡ್ಡಿನ ಆಸೆಗೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಂಡ ತೀರಿಕೊಂಡ ಮೇಲೆ ಮಾತಾಡಲು ಯಾರೂ ಇರಲಿಲ್ಲ, ಅಷ್ಟೇ. ಬಂದವರಿಗೆ ಬಿಸಿ ಅಕ್ಕಿರೊಟ್ಟಿ ಬಡಿಸಿ, ಎದುರಿಗೇ ಕುಳಿತು, ಮದುವೆ ಯಾಕಾಗಿಲ್ಲ, ಮಕ್ಕಳು ಯಾಕಿಲ್ಲ, ಅತ್ತೆ ಹೇಗೆ ಎಂದೆಲ್ಲ ಕೇಳುವರು. ಕೆಲವರು ಹೇಳುವರು, ಕೆಲವರು ತಟ್ಟೆ ನೋಡುವರು. ತಟ್ಟೆ ನೋಡಿದವರಿಗೆ ಇನ್ನೊಂದು ರೊಟ್ಟಿ ಹಾಕಿ ಮತ್ತೆ ಕೇಳುವರು.

ಹಾಲೆಂಡಿನಿಂದ ಬಂದಿದ್ದ ದಂಪತಿ ಊರಿಗೆ ಹೋಗಿ ರಿವ್ಯೂ ಬರೆದರು. ಕೋಣೆ ಚೊಕ್ಕಟ, ಊಟ ರುಚಿ, ಮನೆಯಾಕೆ ಮಾತ್ರ 'ಬೆಮೂಯಾಲ್'. ಬುಕಿಂಗ್ ನೋಡಿಕೊಳ್ಳುವ ತಂಗಿಯ ಮಗಳು ಸುಪ್ರಿಯಾ ಆಲ್ದೂರಿನಿಂದ ಫೋನ್ ಮಾಡಿದಳು.

"ದೊಡ್ಡಮ್ಮ, ಅದು ಡಚ್ ಮಾತು. ಕಂಡೋರ ವಿಷಯಕ್ಕೆ ಮೂಗು ತೂರ್ಸೋರು ಅಂತ ಅರ್ಥ. ಇನ್ಮೇಲೆ ಯಾರನ್ನೂ ಏನೂ ಕೇಳ್ಬೇಡಿ. ಹೀಗಾದ್ರೆ ಯಾರೂ ಬರಲ್ಲ."

ಯಾರೂ ಬರಲ್ಲ ಎಂಬ ಮಾತಿಗೆ ಗಿರಿಜಾಂಬಾಗೆ ನಿಜಕ್ಕೂ ಹೆದರಿಕೆಯಾಯಿತು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡರು. ಬಡಿಸುವುದು, ಒಳಗೆ ಹೋಗುವುದು, ಅಡುಗೆಮನೆಯಲ್ಲಿ ಒಬ್ಬರೇ ಕುಳಿತು ಉಣ್ಣುವುದು. ಹೊಸ ರಿವ್ಯೂಗಳೆಲ್ಲ ಹೊಗಳಿಕೆಯೇ. ಇಲ್ಲಿ ಯಾರ ಕಾಟವೂ ಇಲ್ಲ ಎಂದು ಬರೆದದ್ದನ್ನು ಓದಿ ಹೇಳುವಾಗ ಸುಪ್ರಿಯಾಗೆ ಖುಷಿಯೋ ಖುಷಿ. ಇವರಿಗೆ ಮಾತ್ರ ಊಟ ಸೇರುತ್ತಿರಲಿಲ್ಲ.

ಕಾಫಿ ಕೊಯ್ಲಿನ ಹೊತ್ತಿಗೆ ದಾವಣಗೆರೆಯ ರಜನಿ ಎಂಬ ಹೆಂಗಸು ಒಬ್ಬಳೇ ಬಂದಳು. ಅವಳಿಗೆ ಜಲಪಾತ ಬೇಡ, ಹೊರನಾಡಿನ ದೇವಸ್ಥಾನವೂ ಬೇಡ. ಕಾಫಿ ಒಣಹಾಕಿದ್ದ ಕಣದ ಅಂಚಿನಲ್ಲಿ ಸುಮ್ಮನೆ ಕುಳಿತಿರುವಳು. ಕಣ್ಣು ಅತ್ತು ಊದಿತ್ತು. ರೊಟ್ಟಿ ಮುರಿದು ಹಾಗೇ ಬಿಟ್ಟಳು. ಯಾಕಮ್ಮ ಎಂಬ ಮಾತು ಗಿರಿಜಾಂಬಾ ಅವರ ನಾಲಿಗೆಯ ತುದಿಗೆ ಬಂತು. ಆ ಹಾಳು ಡಚ್ ಮಾತು ನೆನಪಾಗಿ ನುಂಗಿಕೊಂಡರು, ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮರುದಿನವೂ ಅಷ್ಟೇ.

ಹೊರಡುವಾಗ ಜೀಪು ಹತ್ತಿ ಕುಳಿತ ರಜನಿ, "ಊಟ ಚೆನ್ನಾಗಿತ್ತು ಆಂಟಿ" ಎಂದಳು. ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, "ನೀವು ಎಲ್ಲರ ವಿಷಯಾನೂ ಕೇಳ್ತೀರಿ ಅಂತ ಹಾಲೆಂಡಿನೋರು ಬರೆದಿದ್ರಲ್ಲ, ಅದನ್ನ ಓದಿಯೇ ನಾನು ಇಲ್ಲಿಗೆ ಬಂದಿದ್ದು. ನಮ್ಮನೇಲಿ ನನ್ನನ್ನ ಏನಾಯ್ತು ಅಂತ ಕೇಳೋರಿಲ್ಲ" ಎಂದಳು.

ಗಿರಿಜಾಂಬಾ ಓಡಿಬಂದು ಅವಳ ಕೈ ಹಿಡಿದುಕೊಂಡರು.

"ಇಳಿಯಮ್ಮ. ಒಳಗೆ ಬಾ. ಏನಾಯ್ತು ಹೇಳು."

"ಬೇಡ ಬಿಡಿ ಆಂಟಿ, ಬಸ್ಸಿಗೆ ಹೊತ್ತಾಯ್ತು" ಎಂದು ರಜನಿ ಮೆಲ್ಲಗೆ ಕೈ ಬಿಡಿಸಿಕೊಂಡಳು.